ಪ್ಲಾಸ್ಟಿಕ್ ಎಷ್ಟು ಬಿಸಿಗೆ ಮೆತ್ತಗಾಗುತ್ತದೆ? ಅಳೆಯುವುದು ಹೀಗೆ

ಅಂಗಡಿಯ ನೀರಿನ ಬಾಟಲಿಗೆ ಕುದಿಯುವ ನೀರು ಸುರಿದರೆ ಅದು ಕರಗುವುದಿಲ್ಲ. ಮುದುಡಿಕೊಂಡು ಸೊಟ್ಟಗಾಗುತ್ತದೆ. ಆ ಪ್ಲಾಸ್ಟಿಕ್‌ನ ಹೆಸರು ಪೆಟ್. ಅದು ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುದಿಯುವುದು 100ಕ್ಕೆ. ಹಾಗಾದರೆ ಬಾಟಲಿಗೆ ಏನಾಯಿತು?

ಪೆಟ್‌ನ ಅಣುಗಳು ಉದ್ದುದ್ದ ಸರಪಳಿಗಳು. ಕೆಲವು ಕಡೆ ಅವು ಸಾಲಾಗಿ ಕೂಡಿಕೊಂಡು ಹರಳಾಗಿರುತ್ತವೆ. ಉಳಿದ ಕಡೆ ಬರೀ ಗೋಜಲು. ತಣ್ಣಗಿರುವಾಗ ಈ ಗೋಜಲು ಭಾಗ ಗಾಜಿನಂತೆ ಬಿಗಿದುಕೊಂಡಿರುತ್ತದೆ. ಸರಪಳಿಗಳು ಇದ್ದಲ್ಲೇ ನಡುಗಬಹುದು, ಹೊರಳಲಾರವು. ಬಿಸಿ ಏರಿದಾಗ ಒಂದು ಹಂತದಲ್ಲಿ ಅವುಗಳ ತುಣುಕುಗಳಿಗೆ ಹೊರಳಾಡಲು ಜಾಗ ಸಿಗುತ್ತದೆ. ಗಟ್ಟಿ ಪ್ಲಾಸ್ಟಿಕ್ ರಬ್ಬರಿನಂತಾಗುತ್ತದೆ. ಇದೇ ಗ್ಲಾಸ್ ಟ್ರಾನ್ಸಿಷನ್. ಇದು ನಡೆಯುವ ತಾಪಕ್ಕೆ ಲ್ಯಾಬ್‌ಗಳಲ್ಲಿ ಟಿಜಿ ಅನ್ನುತ್ತಾರೆ. ಪೆಟ್‌ಗೆ ಅದು 70ರಿಂದ 80 ಡಿಗ್ರಿ. ಥರ್ಮಾಕೋಲ್ ಮಾಡುವ ಪಾಲಿಸ್ಟೈರೀನ್‌ಗೆ 100ರ ಹತ್ತಿರ. ನೈಸರ್ಗಿಕ ರಬ್ಬರಿಗೆ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ. ಅದಕ್ಕೇ ರಬ್ಬರ್ ಬ್ಯಾಂಡ್ ನಮ್ಮ ಕೈಯಲ್ಲಿ ಸದಾ ಮೆತ್ತಗಿರುತ್ತದೆ.

ಪೆಟ್‌ಗೆ ಒಂದೇ ಸಂಖ್ಯೆ ಹೇಳಲಿಲ್ಲ, ಅಲ್ವಾ? ಟಿಜಿ ಯಾವಾಗಲೂ ಹೀಗೇ. ಎಷ್ಟು ಬೇಗ ಬಿಸಿ ಮಾಡಿದಿರಿ, ಯಾವ ಯಂತ್ರದಲ್ಲಿ ನೋಡಿದಿರಿ, ಮಾದರಿ ಹಿಂದೆ ಏನೇನು ಅನುಭವಿಸಿತ್ತು ಅನ್ನುವುದರ ಮೇಲೆ ಉತ್ತರ ಜರುಗುತ್ತದೆ. ಅಳತೆಯ ರೀತಿ ಗೊತ್ತಿಲ್ಲದೆ ಸಂಖ್ಯೆ ಮಾತ್ರ ಕೊಟ್ಟರೆ ಅದನ್ನು ಯಾರೂ ನಂಬಬೇಕಾಗಿಲ್ಲ.

ಮೊದಲು ಮನೆಯಲ್ಲಿ

ತಳದಲ್ಲಿ ತ್ರಿಕೋನದೊಳಗೆ 1 ಎಂದು ಬರೆದಿರುವ ಬಾಟಲಿ ತೆಗೆದುಕೊಳ್ಳಿ. ಪಕ್ಕದ ಗೋಡೆಯಿಂದ ಒಂದು ಪಟ್ಟಿ ಕತ್ತರಿಸಿ. ಹಳೇ ಡಬ್ಬಿಯಲ್ಲಿ ನೀರಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಅಡುಗೆ ಪಾತ್ರೆ ಬೇಡ. 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್ ಇರಲಿ, ಜ್ವರದ್ದು ಆಗುವುದಿಲ್ಲ. ಇಕ್ಕಳದಲ್ಲಿ ಪಟ್ಟಿಯನ್ನು ನೀರಲ್ಲಿ ಹಿಡಿದು ನೋಡುತ್ತಿರಿ. 50–60 ಡಿಗ್ರಿಯಲ್ಲಿ ಹೆಚ್ಚೇನೂ ಆಗುವುದಿಲ್ಲ. 70 ದಾಟಿದ ಮೇಲೆ ಪಟ್ಟಿ ಬಾಗಿ, ಸುರುಳಿಯಾಗಿ, ಕುಗ್ಗತೊಡಗುತ್ತದೆ. ಕಾರ್ಖಾನೆಯಲ್ಲಿ ಬಾಟಲಿಯನ್ನು ಬಿಸಿಯಲ್ಲಿ ಊದಿ ಹಿಗ್ಗಿಸಿ, ತಕ್ಷಣ ತಣಿಸಿರುತ್ತಾರೆ. ಎಳೆದ ಸರಪಳಿಗಳು ಹಾಗೇ ಸಿಕ್ಕಿಕೊಂಡಿರುತ್ತವೆ. ಅಲುಗಾಡಲು ಬಿಡುವು ಸಿಕ್ಕ ಕೂಡಲೇ ಹಿಂದಕ್ಕೆ ಸೇದಿಕೊಳ್ಳುತ್ತವೆ.

ಇದರಿಂದ ಅಂದಾಜು ಸಿಗುತ್ತದೆ. ಸರಿಯಾದ ಅಳತೆಗೆ ಡಿಎಸ್‌ಸಿ (ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಯಂತ್ರ ಬೇಕು.

ಲ್ಯಾಬ್‌ನಲ್ಲಿ

ಡಿಎಸ್‌ಸಿಯಲ್ಲಿ ಎರಡು ಪುಟಾಣಿ ಅಲ್ಯೂಮಿನಿಯಂ ಬಟ್ಟಲು ಅಕ್ಕಪಕ್ಕ ಕೂರುತ್ತವೆ. ಒಂದರಲ್ಲಿ ಮಾದರಿ, ಇನ್ನೊಂದು ಖಾಲಿ. ಎರಡನ್ನೂ ಒಂದೇ ವೇಗದಲ್ಲಿ ಬಿಸಿ ಮಾಡುತ್ತಾರೆ. ಮಾದರಿಯ ಕಡೆಗೆ ಎಷ್ಟು ಜಾಸ್ತಿ ಶಾಖ ಹರಿಯಿತು ಎಂದು ಯಂತ್ರ ಗೆರೆ ಎಳೆಯುತ್ತದೆ. ಟಿಜಿಗಿಂತ ಕೆಳಗೆ ಕೊಟ್ಟ ಶಾಖ ನಡುಕಕ್ಕೆ ಮಾತ್ರ ಖರ್ಚು. ಮೇಲೆ ಹೋದ ಮೇಲೆ ಹೊರಳಾಟಕ್ಕೂ ಬೇಕು. ಹಾಗಾಗಿ ಒಂದು ಡಿಗ್ರಿ ಏರಲು ಮುಂಚಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ. ಗೆರೆ ಅಲ್ಲಿ ಮೆಟ್ಟಿಲು ಹತ್ತುತ್ತದೆ. ಕರಗುವಾಗ ಬರುವುದು ಶಿಖರ, ಟಿಜಿಗೆ ಬರುವುದು ಮೆಟ್ಟಿಲು. ಹೊಸಬರು ಮೊದಲು ಈ ವ್ಯತ್ಯಾಸ ಗುರುತಿಸಲು ಕಲಿಯಬೇಕು.

ಮಾದರಿಯನ್ನು ಬಾಟಲಿಯ ಕತ್ತಿನಿಂದ ಕೊಯ್ದುಕೊಳ್ಳಿ. ಗೋಡೆಯನ್ನು ಎಳೆದಿರುವುದರಿಂದ ಅಲ್ಲಿ ಹರಳು ಜಾಸ್ತಿ, ಮೆಟ್ಟಿಲು ಮಸುಕು. ಕತ್ತನ್ನು ಎಳೆದಿರುವುದಿಲ್ಲ. ಅಲ್ಲಿ ಗೋಜಲೇ ಹೆಚ್ಚು, ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. 5ರಿಂದ 10 ಮಿಲಿಗ್ರಾಂ ಸಾಕು. ತುಂಡು ಚಪ್ಪಟೆಯಾಗಿ ಬಟ್ಟಲಿನ ತಳಕ್ಕೆ ಅಂಟಿ ಕೂರಬೇಕು, ಇಲ್ಲದಿದ್ದರೆ ಶಾಖ ತಡವಾಗಿ ತಲುಪುತ್ತದೆ.

ಮೊದಲೇ ಒಣಗಿಸಿಕೊಳ್ಳಿ. ನೀರಿನ ಅಂಶ ಟಿಜಿಯನ್ನು ಕೆಳಗೆ ಇಳಿಸುತ್ತದೆ. ಸಾಲದ್ದಕ್ಕೆ ಒದ್ದೆ ಪೆಟ್ ಕರಗಿಸಿದರೆ ಸರಪಳಿಗಳೇ ತುಂಡಾಗುತ್ತವೆ. ನಿರ್ವಾತ ಒಲೆಯಲ್ಲಿ ರಾತ್ರಿಯಿಡೀ ಇಡಿ, 60 ಡಿಗ್ರಿ ಮೀರಬೇಡಿ.

ಯಂತ್ರ ಸರಿ ಇದೆಯೇ ಎಂದು ಇಂಡಿಯಂ ಲೋಹದಿಂದ ನೋಡಿ. ಅದು 156.6 ಡಿಗ್ರಿಗೆ ಕರಗಬೇಕು. ಒಳಗೆ ಸಾರಜನಕ ಹರಿಯುತ್ತಿರಲಿ, ನಿಮಿಷಕ್ಕೆ 50 ಮಿಲಿಲೀಟರ್ ವಾಡಿಕೆ.

ಈಗ ನಿಮಿಷಕ್ಕೆ 20 ಡಿಗ್ರಿಯಂತೆ 280ರವರೆಗೆ ಏರಿಸಿ. ಎರಡು ಮೂರು ನಿಮಿಷ ಅಲ್ಲೇ ಬಿಡಿ. ಆಮೇಲೆ ಯಂತ್ರಕ್ಕೆ ಆದಷ್ಟು ಬೇಗ ತಣಿಸಿ, ಮತ್ತೆ ಅದೇ ವೇಗದಲ್ಲಿ ಏರಿಸಿ. ಒಂದೇ ಸಲ ಸಾಲದೇ? ಸಾಲದು. ಮೊದಲ ಬಿಸಿಯಲ್ಲಿ ಕಾಣುವುದು ಆ ತುಂಡಿನ ಹಳೇ ಕಥೆ: ಹೇಗೆ ತಣಿಸಿದ್ದರು, ಎಷ್ಟು ಕಾಲ ಇಟ್ಟಿದ್ದರು ಅನ್ನುವುದು. ತುಂಬಾ ದಿನ ಇಟ್ಟ ಪ್ಲಾಸ್ಟಿಕ್‌ನಲ್ಲಿ ಮೆಟ್ಟಿಲಿನ ಮೇಲೆ ಒಂದು ಪುಟ್ಟ ಉಬ್ಬು ಏಳುತ್ತದೆ. ಅದನ್ನು ಕರಗುವಿಕೆ ಅಂದುಕೊಳ್ಳಬೇಡಿ. ಕರಗಿಸಿ ತಣಿಸಿದ ಮೇಲೆ ಹಳೆಯದೆಲ್ಲ ಅಳಿಸಿಹೋಗಿ ಎಲ್ಲಾ ಮಾದರಿಗಳೂ ಒಂದೇ ಹಂತಕ್ಕೆ ಬರುತ್ತವೆ. ಆದರೆ ಬಾಟಲಿ ಯಾಕೆ ಕೆಟ್ಟಿತು ಎಂದು ಹುಡುಕುವವರು ಮೊದಲ ಬಿಸಿಯ ಗೆರೆಯನ್ನು ಎಸೆಯಬಾರದು. ಅವರಿಗೆ ಬೇಕಾದ ಸುಳಿವು ಅದರಲ್ಲೇ ಇರುತ್ತದೆ.

ಗೆರೆ ಓದುವುದು

ಮೆಟ್ಟಿಲಿನ ಕೆಳಗಿನ ಗೆರೆಯನ್ನು ಸ್ಕೇಲ್ ಇಟ್ಟು ಮುಂದಕ್ಕೆ ಎಳೆಯಿರಿ, ಮೇಲಿನದನ್ನು ಹಿಂದಕ್ಕೆ. ಎರಡರ ನಡುವೆ ಅರ್ಧ ಎತ್ತರದಲ್ಲಿ ಸಿಗುವ ತಾಪ ಟಿಜಿ. ಕೆಲವರು ಮೆಟ್ಟಿಲು ಶುರುವಾಗುವ ಬಿಂದು ತೆಗೆದುಕೊಳ್ಳುತ್ತಾರೆ, ಅದು ಕೆಲವು ಡಿಗ್ರಿ ಕಡಿಮೆ ಬರುತ್ತದೆ. ಪೆಟ್ ಬೇಗ ತಣಿದು ಗೋಜಲಾಗಿಯೇ ಉಳಿದಿದ್ದರೆ ಮುಂದೆ ಶಾಖ ಹೊರಬಿಡುವ ಇನ್ನೊಂದು ಶಿಖರವೂ ಕಾಣಬಹುದು. ಅಲುಗಾಡಲು ಸಿಕ್ಕ ಸರಪಳಿಗಳು ಹರಳು ಕಟ್ಟುತ್ತಿರುವ ಗುರುತು ಅದು.

ಬಿಸಿ ಮಾಡುವ ವೇಗ ಹತ್ತು ಪಟ್ಟು ಹೆಚ್ಚಿಸಿದರೆ ಟಿಜಿ ಸಾಮಾನ್ಯವಾಗಿ 3ರಿಂದ 5 ಡಿಗ್ರಿ ಮೇಲೆ ಹೋಗುತ್ತದೆ. ಡಿಎಂಎ ಎಂಬ ಇನ್ನೊಂದು ಯಂತ್ರ ಮಾದರಿಯನ್ನು ಬಾಗಿಸಿ ಬಿಡುತ್ತಾ ಬಿಗಿ ಅಳೆಯುತ್ತದೆ. ಅದರ ಗೆರೆಯಲ್ಲಿ ಟಿಜಿಗೆ ಬರುವುದು ಶಿಖರ, ಅದು ಡಿಎಸ್‌ಸಿಗಿಂತ 10 ಡಿಗ್ರಿ, ಇನ್ನೂ ಜಾಸ್ತಿ, ಮೇಲೆ ಬರುವುದುಂಟು. ಎರಡೂ ಸರಿಯೇ.

ಯಂತ್ರ ಇಲ್ಲದವರು ಪ್ಲಾಸ್ಟಿಕ್ ಪರೀಕ್ಷೆ ಮಾಡುವ ಲ್ಯಾಬ್‌ಗೆ ಕೊಡಬಹುದು. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನ ಕೇಂದ್ರ ಇದೆ. ಸುಮ್ನೆ "ಟಿಜಿ ನೋಡಿ" ಅನ್ನಬೇಡಿ. ಮಾದರಿ ಎಲ್ಲಿಂದ ಕೊಯ್ದದ್ದು, ಒಣಗಿಸಿದ್ದೀರಾ, ಯಾವ ವೇಗ, ಮೊದಲ ಬಿಸಿಯೋ ಎರಡನೆಯದೋ, ಅರ್ಧ ಎತ್ತರವೋ ಶುರುವಿನ ಬಿಂದುವೋ ಎಂದು ಬರೆದುಕೊಡಿ. ವರದಿಯ ಜೊತೆ ಗೆರೆಯ ಪ್ರತಿಯನ್ನೂ ಕೇಳಿ ಪಡೆಯಿರಿ.