ಮಕ್ಕಳು ಓದಲು ಹೊರಟ ಮೇಲೆ ಮನೆಯಲ್ಲಿ ಉಳಿದವರಿಗೆ

ಮಗನೋ ಮಗಳೋ ಯೂನಿವರ್ಸಿಟಿಗೆಂದು ಮನೆ ಬಿಟ್ಟರೆ ದಿನವಿಡೀ ಬೇಜಾರು ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅದು ಹೊತ್ತು ನೋಡಿಕೊಂಡು ಬರುತ್ತದೆ. ಬೆಳಿಗ್ಗೆ ಎಬ್ಬಿಸುತ್ತಿದ್ದ ಹೊತ್ತು, ಸಂಜೆ ಬಾಗಿಲ ಸದ್ದಿಗೆ ಕಿವಿ ಕೊಡುತ್ತಿದ್ದ ಹೊತ್ತು, ರಾತ್ರಿ "ಲೈಟ್ ಆರಿಸು, ಮಲಗು" ಎಂದು ಗದರುತ್ತಿದ್ದ ಹೊತ್ತು. ನಿಮಗೆ ಕಷ್ಟದ ಹೊತ್ತು ಯಾವುದು ನೋಡಿಕೊಳ್ಳಿ, ಆ ಹೊತ್ತಿಗೇ ಒಂದು ಕೆಲಸ ಇಟ್ಟುಕೊಳ್ಳಿ. ಮನೆಯಿಂದ ಆಚೆ ಹೋಗುವಂಥದ್ದಾದರೆ ಇನ್ನೂ ಒಳ್ಳೆಯದು. ವಾಕಿಂಗ್ ಆದರೂ ಒಬ್ಬರೇ ಬೇಡ, ಯಾರಿಗಾದರೂ ಬರ್ತೀನಿ ಅಂತ ಮಾತು ಕೊಡಿ. ಅವರು ಕಾಯುತ್ತಿರುತ್ತಾರೆ ಅಂದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ.

ಅಡುಗೆಮನೆಯಲ್ಲಿ ಕೈ ಹಳೇ ಅಳತೆಗೇ ಹೋಗುತ್ತದೆ. ಉಳಿದದ್ದನ್ನು ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ. ಅಳತೆಯ ಲೋಟವನ್ನೇ ಬದಲಿಸಿ, ದೊಡ್ಡ ಪಾತ್ರೆಗಳನ್ನು ಮೇಲೆತ್ತಿಡಿ. ಅಳತೆ ಅರ್ಧ ಮಾಡಿದಾಗ ನೀರನ್ನು ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ. ಅಡುಗೆ ಕಡಿಮೆಯಾಯಿತೆಂದು ಆವಿಯಾಗುವ ನೀರು ಅಷ್ಟೇ ಕಡಿಮೆಯಾಗುವುದಿಲ್ಲ, ತಳ ಹಿಡಿಯುತ್ತದೆ.

ರೂಮಿಗೆ ಬೀಗ ಹಾಕಬೇಡಿ. ಕಿಟಕಿ ತೆಗೆಯಿರಿ, ಹಾಸಿಗೆ ಬಟ್ಟೆ ಒಗೆಯಿರಿ, ಮಂಚದ ಕೆಳಗೆ ಒದ್ದೆ ಟವೆಲ್ ಇದೆಯೇ ನೋಡಿ (ಇದ್ದೇ ಇರುತ್ತದೆ). ಮಿಕ್ಕದ್ದನ್ನು ಕೇಳದೆ ಮುಟ್ಟಬೇಡಿ. ರೂಮನ್ನು ಬೇರೆ ಕೆಲಸಕ್ಕೆ ಬಳಸುವ ಮಾತು ಮೊದಲ ರಜೆ ಕಳೆದ ಮೇಲೆ.

ಫೋನಿನ ವಿಷಯಕ್ಕೆ ಬರೋಣ, ಎಡವಟ್ಟಾಗುವುದು ಇಲ್ಲೇ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಮಾತಾಡುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ದಿನ ಆರಿಸುವುದು ಮಕ್ಕಳಿಗೆ ಬಿಟ್ಟದ್ದು. "ಊಟ ಆಯ್ತಾ?" ಅಂದರೆ "ಹೂಂ" ಅಂತಷ್ಟೇ ಬರುತ್ತದೆ. "ನಿನ್ನ ರೂಮಿನ ಕಿಟಕಿಯಿಂದ ಏನು ಕಾಣುತ್ತೆ?" ಅಂತ ಕೇಳಿ ನೋಡಿ, ಮಾತು ಹರಿಯುತ್ತದೆ. ವಾಟ್ಸಾಪ್‌ನಲ್ಲಿ ಕೊನೆಯ ಬಾರಿ ಎಷ್ಟು ಹೊತ್ತಿಗೆ ಆನ್‌ಲೈನ್ ಇದ್ದ ಅಂತ ನೋಡುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಗೆ ಅವನು ಎಚ್ಚರ ಇದ್ದ ಅನ್ನುವುದು ನಿಮಗೆ ಗೊತ್ತಾಯಿತು ಅಂದರೆ ನೀವೂ ಎಚ್ಚರ ಇದ್ದಿರಿ, ಅಲ್ವಾ?

ಮೊದಲ ಕೆಲವು ವಾರಗಳಲ್ಲಿ ಅತ್ತುಕೊಂಡು ಫೋನ್ ಮಾಡಬಹುದು. ತಕ್ಷಣ "ಬಂದುಬಿಡು" ಅನ್ನಬೇಡಿ. "ಏನಾದರೂ ಮಾಡಬೇಕಾ, ಸುಮ್ನೆ ಕೇಳಿಸಿಕೊಳ್ಳಲಾ?" ಅಂತ ಕೇಳಿ. ಎಷ್ಟೋ ಸಲ ಅವರು ಅತ್ತು ಹಗುರಾಗಿ ಗೆಳೆಯರ ಜೊತೆ ಹೋಗಿರುತ್ತಾರೆ, ನಿದ್ದೆಗೆಡುವುದು ನಾವು. ಆದರೆ ಊಟ ನಿದ್ದೆ ಬಿಟ್ಟು, ಕ್ಲಾಸಿಗೂ ಹೋಗದೆ ರೂಮಿನಲ್ಲೇ ಇದ್ದರೆ ಕಾಯುತ್ತಾ ಕೂರಬೇಡಿ, ಅಲ್ಲಿನ ಕೌನ್ಸೆಲರ್‌ಗೆ ತೋರಿಸಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಹತ್ತಿರ ಇರುವ ಯಾರನ್ನಾದರೂ ಆ ಗಳಿಗೆಯಲ್ಲೇ ರೂಮಿಗೆ ಕಳಿಸಿ, ನೀವೂ ಹೊರಡಿ. ನಿಮ್ಮ ವಿಷಯವೂ ಅಷ್ಟೇ. ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಕುಗ್ಗೇ ಇದ್ದರೆ, ಹಸಿವು ನಿದ್ದೆ ಸರಿ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಗಂಡ ಹೆಂಡತಿ ಇಬ್ಬರಿಗೂ ಸಂಕಟ ಒಂದೇ ಥರ ಕಾಣಿಸಿಕೊಳ್ಳುವುದಿಲ್ಲ. ಒಬ್ಬರು ಅಳುತ್ತಾರೆ, ಇನ್ನೊಬ್ಬರು ಸುಮ್ಮಸುಮ್ಮನೆ ಸ್ಕೂಟರ್ ಒರೆಸುತ್ತಾರೆ. ಒರೆಸುವವರಿಗೆ ಕರುಳಿಲ್ಲ ಅಂದುಕೊಳ್ಳಬೇಡಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಹೋದವರ ಮಾತನ್ನೇ ಊಟದ ಹೊತ್ತಿಗೆಲ್ಲ ಆಡಬೇಡಿ, ಅದಕ್ಕೂ ಬೇಸರವಾಗುತ್ತದೆ.

ಮೊದಲ ರಜೆಗೆ ಬಂದಾಗ ಅವರು ಜಾಸ್ತಿ ನಿದ್ದೆ ಮಾಡುತ್ತಾರೆ, ಎದ್ದರೆ ಹಳೇ ಗೆಳೆಯರನ್ನು ನೋಡಲು ಓಡುತ್ತಾರೆ. ನೆಂಟರ ಮನೆಗೆ ಕರೆದುಕೊಂಡು ಹೋಗುವ ಪಟ್ಟಿ ಮಾಡಿಡಬೇಡಿ. ರಾತ್ರಿ ಎಷ್ಟು ಹೊತ್ತಿಗೆ ಬರುವುದು ಅನ್ನುವುದನ್ನು ಬಂದ ದಿನವೇ ಮಾತಾಡಿ ಮುಗಿಸಿ. ಕೊಳೆ ಬಟ್ಟೆಯ ಗಂಟು ತಂದಿದ್ದರೆ ಸೋಪಿನ ಪುಡಿ ಎಲ್ಲಿದೆ ಅಂತ ತೋರಿಸಿದರೆ ಸಾಕು, ಒಗೆದುಕೊಳ್ಳಲು ಈಗ ಅವರಿಗೆ ಬರುತ್ತದೆ.