ನಿಮ್ಮೂರಿನ ಚರಿತ್ರೆ ಬರೆಯುವುದಾದರೆ ಹೊಲದಿಂದ ಶುರು ಮಾಡಿ

ಹಳ್ಳಿಯ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಮಳಖೇಡದ ರಾಷ್ಟ್ರಕೂಟರಿಂದಲೋ 1347ರ ಬಹಮನಿಗಳಿಂದಲೋ ಶುರು ಮಾಡುತ್ತಾರೆ. ಎರಡು ಪುಟ ಆಗುವಷ್ಟರಲ್ಲಿ ಊರೇ ಕಳೆದುಹೋಗಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಯಾವ ಹಳ್ಳಿಯನ್ನೇ ಹಿಡಿಯಿರಿ, ಮೊದಲು ಹೊಲಗಳ ಹೆಸರು ಬರೆದುಕೊಳ್ಳಿ. ಪಹಣಿಯಲ್ಲಿ ಇರುವುದು ಬರೀ ಸರ್ವೆ ನಂಬರ್. ‘ಹುಣಸಿಗಿಡದ ಹೊಲ’, ‘ಗುಡಿ ಮಾನ್ಯ’ ಎಂಬಂಥ ಹೆಸರುಗಳು ಇರುವುದು ಹಿರಿಯರ ಬಾಯಲ್ಲಿ. ಅವರ ಜೊತೆಗೇ ಅವೂ ಹೋಗುತ್ತವೆ.

ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆಸಿಕೊಳ್ಳಿ. ಅದರ ಮೇಲೆ ಪ್ರಮಾಣ 1:7920 ಎಂದಿದ್ದರೆ ಒಂದು ಇಂಚಿಗೆ 660 ಅಡಿ. ಜೆರಾಕ್ಸ್ ಮಾಡುವಾಗ ಹಾಳೆ ಕುಗ್ಗಿಸಿದರೆ ಈ ಲೆಕ್ಕ ಕೆಡುತ್ತದೆ. ಬಹಳ ಜನ ಎಡವುವುದು ಇಲ್ಲೇ. ಗುರುತಿರುವ ಎರಡು ಗಡಿಕಲ್ಲುಗಳ ನಡುವಿನ ದೂರವನ್ನು ನೆಲದ ಮೇಲೆ ಅಳೆದು ತಾಳೆ ನೋಡಿ. ಸೀಮೆ ಸುತ್ತಲು ರಾಶಿ ಮುಗಿದ ಮೇಲಿನ ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಎತ್ತಿಡಲು ಬಿಡುವುದಿಲ್ಲ. ಕುರಿ ಕಾಯುವವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಹಳ್ಳದ ತಿರುವು, ಹಳೆ ಬಂಡಿದಾರಿ ಅವರಿಗೆ ಗೊತ್ತಿರುವಷ್ಟು ಹೊಲದ ಯಜಮಾನನಿಗೂ ಗೊತ್ತಿರುವುದಿಲ್ಲ. ನಕಾಶೆಯಲ್ಲಿ ‘ಬೇಚರಾಕ್’ ಎಂದು ಕಂಡರೆ ಅದು ಜನ ಬಿಟ್ಟುಹೋದ ಊರು. ಅಲ್ಲಿ ಗುಡಿ, ಬಾವಿ, ಮಡಕೆ ಚೂರು ಏನೇನಿದೆ ನೋಡಿ.

ಮಣ್ಣನ್ನೂ ಕಲ್ಲನ್ನೂ ಹೊಲಹೊಲಕ್ಕೆ ಗುರುತಿಸಿ. ಆಳಂದದ ಕಡೆ ಕರಿಕಲ್ಲಿನ ಮೇಲಿನ ಎರೆ, ಚಿತ್ತಾಪುರ, ಸೇಡಂ ಕಡೆ ಶಹಾಬಾದ್ ಕಲ್ಲಿನ ಪದರು, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ, ಸುರಪುರದ ಸುತ್ತ ಗ್ರಾನೈಟ್ ಗುಡ್ಡ. ಮನೆ ಗೋಡೆ ಯಾವುದರದ್ದು, ಬಾವಿ ಎಷ್ಟು ಆಳ, ಏನು ಬೆಳೆಯುತ್ತದೆ ಎಂಬುದೆಲ್ಲ ಇದರ ಮೇಲೇ ನಿಂತಿದೆ. ಬಾವಿಯ ನೀರಿನ ಮಟ್ಟವನ್ನು ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯಿರಿ.

ನಿಜಾಮರ ಕಾಲದ ಕಾಗದ ಸಿಕ್ಕರೆ ಉರ್ದು ಬಲ್ಲವರಿಂದ ಓದಿಸಿ. ಅವುಗಳಲ್ಲಿ ಇಸವಿ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ: ಫಸಲಿ 1357 ಅಂದರೆ 1947ರ ಅಕ್ಟೋಬರ್‌ನಿಂದ ಮುಂದಿನ ಅಕ್ಟೋಬರ್‌ವರೆಗೆ. ಇದನ್ನೇ ಹಿಜರಿ ಎಂದು ಓದಿದರೆ 1938 ಆಗಿ, ರಜಾಕಾರರ ಗದ್ದಲದ ವರ್ಷ ಹತ್ತು ವರ್ಷ ಹಿಂದಕ್ಕೆ ಬೀಳುತ್ತದೆ. ಶಾಸನದಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ. ಶಾಸನದ ಕಲ್ಲಿಗೆ ಎಣ್ಣೆ, ಬಣ್ಣ ಹಚ್ಚಲೇಬಾರದು. ನೀರು, ಮೆತ್ತನೆ ಬ್ರಷ್ ಸಾಕು. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ಫ್ರಾನ್ಸಿನ ಹಳ್ಳಿಯ ಚರಿತ್ರೆ ಬರೆಯುವವರಿಗೆ ಒಂದು ಅನುಕೂಲವಿದೆ. ಅಲ್ಲಿ 1539ರ ರಾಜಾಜ್ಞೆಯ ನಂತರ ಚರ್ಚುಗಳು ದೀಕ್ಷಾಸ್ನಾನದ ದಾಖಲೆ ಇಡಬೇಕಾಯಿತು. 1807ರಿಂದ ನೆಪೋಲಿಯನ್ ಕಾಲದ ಭೂನಕಾಶೆಗಳಲ್ಲಿ ಒಂದೊಂದು ಹೊಲವೂ ಬಂತು. ನಮ್ಮಲ್ಲಿ ಆ ಕೆಲಸಕ್ಕೆ ಹತ್ತಿರವಾದದ್ದು ಹೆಳವರ ಹೊತ್ತಿಗೆ. ಸುಗ್ಗಿಯಲ್ಲಿ ಎತ್ತಿನೊಂದಿಗೆ ಬರುವ ಹೆಳವರು ಮನೆತನ ಎಲ್ಲಿಂದ ಬಂತು, ಯಾರ ಮಗ ಯಾರು ಎಂದು ಓದಿ ಹೇಳುತ್ತಾರೆ. ಕಾಳು ಕೊಟ್ಟು ಪೂರ್ತಿ ಓದಿಸಿ, ಒಪ್ಪಿದರೆ ಧ್ವನಿಮುದ್ರಿಸಿಕೊಳ್ಳಿ. ಮನೆತನದ ಹೊಗಳಿಕೆ ಸೇರಿರುತ್ತದೆ, ಆದ್ದರಿಂದ ವಲಸೆ ಬಂದ ಊರಿನ ಹೆಸರನ್ನು ಬೇರೆ ಕಡೆಯೂ ಪರೀಕ್ಷಿಸಿ.

ಮುತ್ಯಾ, ಆಯಿ ಮುಂದೆ ಕೂತಾಗ ‘ಯಾವ ಇಸವಿ’ ಎಂದು ಕೇಳಿದರೆ ಸಿಗುವುದು ಅಂದಾಜು. ‘ಕಿಲಾರಿ ಭೂಕಂಪದಾಗ ಈ ಮಾಳಿಗಿ ಇತ್ತೇನ್ರಿ?’, ‘ಬರಗಾಲ ಬಿದ್ದಾಗ ನಿಮ್ಮ ಲಗ್ನ ಆಗಿತ್ತೇನ್ರಿ?’ ಎಂದು ಕೇಳಿ. ಭೂಕಂಪ 1993ರ ಸೆಪ್ಟೆಂಬರ್ 30, ದೊಡ್ಡ ಬರಗಾಲ 1972, ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17. ಈ ಮೂರು ಗೂಟಗಳಿಗೆ ಉಳಿದದ್ದನ್ನು ಕಟ್ಟಬಹುದು. ಅಗಸಿ ಕಟ್ಟೆಯ ಮೇಲೆ ಕೂತವರನ್ನಷ್ಟೇ ಕೇಳಿದರೆ ಸಿಗುವುದು ಅರ್ಧ ಊರು. ಕೇರಿಗಳಿಗೆ ಹೋಗಿ, ಹೆಣ್ಣುಮಕ್ಕಳನ್ನು ಬೇರೆಯಾಗಿ ಕೇಳಿ. ಯಾವ ಬಾವಿಯ ನೀರು ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬುದು ತಿಳಿಯುವುದು ಅಲ್ಲೇ.

ಹಗೇವು ಉಳಿದಿದ್ದರೆ ಅದನ್ನು ಬಿಡಬೇಡಿ. ಎರೆ ನೆಲದಲ್ಲಿ ತೋಡಿದ ಈ ಕಾಳಿನ ಕುಣಿಯ ಬಾಯಿ ಸಣ್ಣದು, ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣಹುಲ್ಲು ಇಟ್ಟು, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳ ಬದುಕುತ್ತಿರಲಿಲ್ಲ. ಗೋಡೆಗೆ ತಾಗಿದ ಕಾಳು ಮಾತ್ರ ತೇವ ಹಿಡಿದು ಕಪ್ಪಾಗುತ್ತಿತ್ತು. ಅದೇ ಕೆಟ್ಟ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ಹಿಂದೆ ದೀಪ ಇಳಿಸಿ ಆರುತ್ತದೆಯೇ ನೋಡುತ್ತಿದ್ದರು. ದೀಪ ಉರಿದರೂ ನೀವು ಇಳಿಯಬೇಡಿ. ಉದ್ದನೆ ಬಿದಿರಿಗೆ ಟೇಪು ಕಟ್ಟಿ ಮೇಲಿನಿಂದಲೇ ಆಳ, ಅಗಲ ತೆಗೆದುಕೊಳ್ಳಿ.

ವರ್ಷದ ಬದುಕನ್ನು ಇಂಗ್ಲಿಷ್ ತಿಂಗಳಿಗೆ ಬದಲು ಮಳೆಗಳ ಹೆಸರಿನಲ್ಲಿ ಬರೆಯಿರಿ: ಮೃಗಶಿರಕ್ಕೆ ಹೆಸರುಕಾಳು, ಉದ್ದು, ತೊಗರಿ ಬಿತ್ತನೆ; ಉತ್ತರಿ, ಹಸ್ತಕ್ಕೆ ಹಿಂಗಾರಿ ಜೋಳ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುವಾಗ ಕೂಗುವ ಮಾತು ಊರಿಂದೂರಿಗೆ ಬದಲಾಗುತ್ತದೆ, ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಊರವರ ಮುಂದೆ ಗಟ್ಟಿಯಾಗಿ ಓದಿ. ಎರಡು ಮನೆತನದವರು ಎರಡು ಮಾತು ಹೇಳಿದರೆ ಎರಡನ್ನೂ ಇಡಿ, ಯಾರ ಮಾತು ಯಾವುದು ಎಂದು ಪಕ್ಕದಲ್ಲಿ ಗುರುತು ಹಾಕಿ.