ನೆಕ್ಕುವ ಕೊಂಬೆ, ತಿರುಗುವ ಗಾಳಿ: ಬಿಳಿಬಾಲದ ಜಿಂಕೆ ಬೇಟೆಯಲ್ಲಿ ವಾಸನೆಯ ಬಳಕೆ

ಯಾವ ವಾಸನೆಯೂ ಜಿಂಕೆಯನ್ನು ಮೈಲಿ ದೂರದಿಂದ ಎಳೆದು ತರುವುದಿಲ್ಲ. ಆ ದಾರಿಯಲ್ಲಿ ಹೇಗೂ ಹಾದುಹೋಗುವ ಗಂಡು ಜಿಂಕೆಯನ್ನು ಇಪ್ಪತ್ತು ಗಜ ಈಚೆಗೆ ತಿರುಗಿಸಿ, ತಲೆ ಎತ್ತಿ ಕೊಂಬೆ ಮೂಸುವಂತೆ ಐದಾರು ಸೆಕೆಂಡು ನಿಲ್ಲಿಸುತ್ತದೆ, ಅಷ್ಟೆ. ಬಿಲ್ಲು ಹಿಡಿದವನಿಗೆ ಆ ಐದಾರು ಸೆಕೆಂಡೇ ಸಾಕು. ಇಲ್ಲಿ ಬರೆದಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಓಕ್ ಗುಡ್ಡಗಳಲ್ಲಿ ಲೈಸೆನ್ಸ್ ಪಡೆದು, ಜಮೀನಿನ ಮಾಲೀಕರ ಒಪ್ಪಿಗೆಯಿಂದ ನಾನು ಮಾಡುವ ಕ್ರಮ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಅಲ್ಲಿ ಇದನ್ನು ಯಾರೂ ಪ್ರಯೋಗಿಸಬಾರದು.

ಬಾಟಲಿಯಲ್ಲಿ ಮಾರುವ ಜಿಂಕೆ ಮೂತ್ರವನ್ನು ನಾನು ಬಳಸುವುದಿಲ್ಲ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮಿದುಳಿನ ರೋಗ 1967ರಲ್ಲಿ ಕೊಲೊರಾಡೋದ ಸಾಕು ಜಿಂಕೆಗಳಲ್ಲಿ ಮೊದಲು ಕಂಡಿತು. ಪೆನ್ಸಿಲ್ವೇನಿಯಾದಲ್ಲಿ ಪತ್ತೆಯಾದದ್ದು 2012ರಲ್ಲಿ. ಅದನ್ನು ತರುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಮೂತ್ರ, ಜೊಲ್ಲು, ಹಿಕ್ಕೆಗಳಲ್ಲಿ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಾಟಲಿಯ ಮೂತ್ರ ಬರುವುದು ಸಾಕಿದ ಜಿಂಕೆಗಳ ಕೊಟ್ಟಿಗೆಯಿಂದ. ಜಾಲರಿ ನೆಲದಡಿ ಸಂಗ್ರಹವಾಗುವಾಗ ಹಿಕ್ಕೆಯೂ ಜೊಲ್ಲೂ ಬೆರೆಯುತ್ತವೆ. ಇಲ್ಲಿನ ಗೇಮ್ ಕಮಿಷನ್, ಅಂದರೆ ರಾಜ್ಯದ ವನ್ಯಜೀವಿ ಇಲಾಖೆ, ಗುರುತಿಸಿದ ರೋಗ ನಿರ್ವಹಣಾ ಪ್ರದೇಶಗಳಲ್ಲಿ ಅದನ್ನು ಬಳಸುವುದಿರಲಿ, ಕೈಯಲ್ಲಿ ಇಟ್ಟುಕೊಳ್ಳುವುದೂ ನಿಷಿದ್ಧ. ವರ್ಜೀನಿಯಾದಲ್ಲಿ 2015ರಿಂದ ಇಡೀ ರಾಜ್ಯಕ್ಕೇ ನಿಷೇಧವಿದೆ. ಕಾನೂನು ಬದಿಗಿಟ್ಟರೂ ಲಾಭ ಕಡಿಮೆ: ತೆರೆದ ಮೂತ್ರ ಬೇಗನೆ ಕೊಳೆತು ಅಮೋನಿಯಾ ವಾಸನೆಗೆ ತಿರುಗುತ್ತದೆ. ಸೇಬು, ಜೋಳ, ಉಪ್ಪು ಇಡುವುದು ಬೇರೆಯೇ ಸಂಗತಿ, ಅದು ಆಮಿಷ. ಈ ರಾಜ್ಯದ ಬಹುಭಾಗದಲ್ಲಿ ಆಮಿಷ ಇಟ್ಟ ಜಾಗದಲ್ಲಿ ಬೇಟೆಯಾಡುವಂತಿಲ್ಲ. ಇದ್ದದ್ದನ್ನು ಪೂರ್ತಿ ತೆಗೆದ ಮೇಲೂ 30 ದಿನ ಕಾಯಬೇಕು.

ಹಾಗಾದರೆ ಉಳಿದದ್ದೇನು? ಜಿಂಕೆಗಳೇ ಬಿಟ್ಟುಹೋಗುವ ವಾಸನೆ. ಗಂಡು ಜಿಂಕೆ ನೆಲವನ್ನು ಗೊರಸಿನಿಂದ ಕೆರೆದು ಎಲೆ ಸರಿಸಿ, ಅದರ ಮೇಲೆ ಬಾಗಿದ ಕೊಂಬೆಯ ತುದಿಯನ್ನು ನೆಕ್ಕಿ, ಕಚ್ಚಿ, ಹಣೆಯನ್ನೂ ಕಣ್ಣಂಚಿನ ಗ್ರಂಥಿಯನ್ನೂ ಉಜ್ಜುತ್ತದೆ. ಹಿಂಗಾಲುಗಳ ಒಳಮಗ್ಗುಲಿನ ಕಪ್ಪು ಗ್ರಂಥಿಯ ಮೇಲೆ ಹರಿದು ಇಳಿಯುವಂತೆ ಮೂತ್ರ ಬಿಡುತ್ತದೆ. ಕೆರೆದ ಜಾಗಕ್ಕೆ ಇಲ್ಲಿ ಸ್ಕ್ರೇಪ್ ಅನ್ನುತ್ತಾರೆ. ಎಲ್ಲರ ಕಣ್ಣೂ ಬೀಳುವುದು ಆ ನೆಲದ ಮೇಲೆ, ಆದರೆ ಕೆಲಸ ಮಾಡುವುದು ಕೊಂಬೆ. ನೆಲದ ಕೆರೆತ ಬಹುಮಟ್ಟಿಗೆ ಶರತ್ಕಾಲದ್ದು. ಕೊಂಬೆಯನ್ನು ಗಂಡು, ಹೆಣ್ಣು, ಮರಿ ಎಲ್ಲವೂ ವರ್ಷವಿಡೀ ಮೂಸುತ್ತವೆ. ನಾಗರಹೊಳೆ, ಬಂಡೀಪುರದಲ್ಲಿ ಚುಕ್ಕೆ ಜಿಂಕೆಯ ಗಂಡು ಹಿಂಗಾಲಿನ ಮೇಲೆ ನಿಂತು ಎತ್ತರದ ಕೊಂಬೆಗೆ ಮುಖ ಉಜ್ಜುವುದನ್ನು ಸಫಾರಿಗೆ ಹೋದವರು ಕಂಡಿರಬಹುದು. ಅದೂ ಇದೇ ಬಗೆಯ ಗುರುತು.

ನಾನು ಕೃತಕ ಸ್ಕ್ರೇಪ್ ಮಾಡುವುದು ಜುಲೈ ಕೊನೆ ಅಥವಾ ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಮಾಡಿದರೂ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಮಾಡಿದ್ದು ಸೀಸನ್ ಹೊತ್ತಿಗೆ ಜಿಂಕೆಗಳದೇ ಸ್ವತ್ತಾಗಿರುತ್ತದೆ. ಜಾಗದ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹೊಲದ ಅಂಚಿನ ಸ್ಕ್ರೇಪ್ ಕಣ್ಣಿಗೆ ಚಂದ. ಕ್ಯಾಮೆರಾ ಇಟ್ಟು ನೋಡಿದರೆ ಭೇಟಿಗಳೆಲ್ಲ ಹೆಚ್ಚುಕಡಿಮೆ ರಾತ್ರಿಯವೇ. ಹಗಲು ಬೆಳಕಿನಲ್ಲಿ ಗಂಡು ಸಿಗಬೇಕಾದರೆ ಅದು ಮಲಗುವ ಪೊದೆಗಾಡಿನ ಕಡೆಗೆ ನೂರು ನೂರೈವತ್ತು ಗಜ ಒಳಕ್ಕೆ, ಎರಡು ಜಾಡು ಕೂಡುವಲ್ಲಿ ಮಾಡಬೇಕು. ಅದಕ್ಕಿಂತ ಒಳಗೆ ನುಗ್ಗಿದರೆ ಅದು ಮಲಗುವ ತಾಣವನ್ನೇ ಬದಲಿಸುತ್ತದೆ.

ಕೊಂಬೆ ಓಕ್ ಅಥವಾ ಬೀಚ್ ಮರದ್ದಾಗಿರಲಿ, ಹಸಿಯಾಗಿರಲಿ, ಬೆರಳು ಗಾತ್ರದ್ದಾಗಿ ಬಳುಕುವಂತಿರಲಿ. ತುದಿ ನೆಲದಿಂದ ನಾಲ್ಕೂವರೆಯಿಂದ ಐದು ಅಡಿ ಎತ್ತರದಲ್ಲಿ ಬರಬೇಕು. ಆರು ಅಡಿಗೆ ಏರಿದರೆ ಎಳೆಯ ಗಂಡುಗಳಿಗೂ ಹೆಣ್ಣುಗಳಿಗೂ ಎಟುಕದು. ಅವು ಮುಟ್ಟದ ಕೊಂಬೆಯ ಮೇಲೆ ದೊಡ್ಡ ಗಂಡಿಗೂ ಆಸಕ್ತಿ ಹುಟ್ಟುವುದಿಲ್ಲ. ಬಾಗಿದ ಕೊಂಬೆ ಇಲ್ಲದ ಕಡೆ ಎರಡು ಮರಗಳ ನಡುವೆ ಕಂಬಿ ಕಟ್ಟಿ ಒಂದಂಗುಲ ದಪ್ಪದ ಸೆಣಬಿನ ಹಗ್ಗ ಇಳಿಬಿಡುತ್ತೇನೆ: ಉದ್ದ ನಾಲ್ಕೈದು ಅಡಿ, ಕೆಳತುದಿ ನೆಲದಿಂದ ಮೂರು ಅಡಿ ಮೇಲೆ, ಕೊನೆಯ ಆರಂಗುಲ ಬಿಚ್ಚಿ ಗೊಂಡೆಯಾಗಿಸಿ. ನೈಲಾನ್ ಬೇಡ, ಅದು ವಾಸನೆ ಹೀರುವುದಿಲ್ಲ. ಹೊಸ ಸೆಣಬಿಗೆ ಎಣ್ಣೆ ವಾಸನೆ ಇರುತ್ತದೆ, ಎರಡು ವಾರ ಮಳೆಗೆ ಬಿಟ್ಟು ನಂತರ ಕಟ್ಟಬೇಕು.

ಕೊಂಬೆಯ ಕೆಳಗೆ ಎರಡೂವರೆ ಅಡಿ ಅಗಲ ಎಲೆಗಳನ್ನು ಕೋಲಿನಿಂದ ಕೆರೆದು ಕಪ್ಪು ಮಣ್ಣು ಕಾಣಿಸುತ್ತೇನೆ. ಎಲೆ ಹುದುಗಿದ ಮಣ್ಣಿನ ಹಸಿ ವಾಸನೆಯೇ ಮೊದಲ ಕರೆ. ಆಮೇಲೆ, ಅದೇ ಜಮೀನಿನಲ್ಲಿ ಜಿಂಕೆಗಳು ಈಗಾಗಲೇ ನೆಕ್ಕಿದ ಕೊಂಬೆಯೊಂದರ ತುದಿಯನ್ನು ಒಂದು ಗೇಣಿನಷ್ಟು ಕತ್ತರಿಸಿ ತಂದು ಹೊಸ ಕೊಂಬೆಗೆ ಬಿಗಿಯುತ್ತೇನೆ. ನನ್ನ ಪಟ್ಟಿಯಲ್ಲಿ ಅತ್ಯುತ್ತಮ ನೈಸರ್ಗಿಕ ವಾಸನೆ ಇದೇ; ಅಪರಿಚಿತ ಜಿಂಕೆಯ ಹಣೆಯ ವಾಸನೆಗೆ ಉತ್ತರ ಬರೆಯದೆ ಗಂಡು ಮುಂದೆ ಹೋಗುವುದು ಅಪರೂಪ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಕೊಂಬೆಯನ್ನಾಗಲಿ ಮಣ್ಣನ್ನಾಗಲಿ ಸಾಗಿಸಬಾರದು, ರೋಗದ ಭಯ ಇಲ್ಲೂ ಉಂಟು. ಗೇಮ್ ಲ್ಯಾಂಡ್ ಎಂಬ ಸರ್ಕಾರಿ ಬೇಟೆ ಕಾಡುಗಳಲ್ಲಿ ಮರಗಿಡ ಕಡಿಯುವಂತಿಲ್ಲ, ಅಲ್ಲಿ ಇದ್ದ ಕೊಂಬೆಯನ್ನು ಇದ್ದಂತೆಯೇ ನೆಚ್ಚಿಕೊಳ್ಳಬೇಕು.

ಇಷ್ಟೂ ಕೆಲಸ ನೈಟ್ರೈಲ್ ಕೈಗವಸು, ರಬ್ಬರ್ ಬೂಟಿನಲ್ಲಿ. ಬರಿಗೈಯಲ್ಲಿ ಒಮ್ಮೆ ಕೊಂಬೆ ಹಿಡಿದರೂ ಮುಂದಿನ ಕೆಲವು ದಿನ ಜಿಂಕೆ ಹತ್ತಿರ ಬಂದು ಕತ್ತು ಚಾಚಿ ಹಿಂದೆ ಸರಿಯುವುದೇ ಕ್ಯಾಮೆರಾದಲ್ಲಿ ಕಾಣುತ್ತದೆ. ಆ ಕ್ಯಾಮೆರಾವನ್ನು ಏಳೆಂಟು ಅಡಿ ಎತ್ತರಕ್ಕೆ ಕಟ್ಟಿ ಕೆಳಮುಖವಾಗಿ ಬಾಗಿಸಬೇಕು. ಕಾರ್ಡ್ ನೋಡಲು ವಾರವಾರ ಹೋಗುವ ಚಪಲವೇ ಒಳ್ಳೆಯ ಸ್ಕ್ರೇಪುಗಳನ್ನು ಕೆಡಿಸುವುದು. ಮೂರು ವಾರಕ್ಕೊಮ್ಮೆ, ಮಳೆಗೆ ಮುಂಚೆ ಹೋದರೆ ಹೆಜ್ಜೆಯ ವಾಸನೆ ತೊಳೆದುಹೋಗುತ್ತದೆ.

ಇನ್ನು ಗಾಳಿ. ಅನುಭವಿ ಗಂಡು ಕೊಂಬೆಯ ಬಳಿಗೆ ನೇರವಾಗಿ ಬರುವುದಿಲ್ಲ. ಗಾಳಿ ಕೊಂಬೆಯನ್ನು ದಾಟಿ ಬೀಸಿ ಹೋಗುವ ಕಡೆಯಿಂದ ಇಪ್ಪತ್ತು ಮೂವತ್ತು ಗಜ ದೂರದಲ್ಲಿ ಅಡ್ಡ ಹಾಯುತ್ತಾ ಮೂಗಿನಲ್ಲೇ ಪರೀಕ್ಷೆ ಮುಗಿಸುತ್ತದೆ. ಹಾಗಾಗಿ ಅಟ್ಟಣೆಯನ್ನು ಸ್ಕ್ರೇಪಿನ ನೆತ್ತಿಯ ಮೇಲಲ್ಲ, ಆ ಅಡ್ಡಜಾಡಿಗೆ ಬಾಣ ಎಟುಕುವಂತೆ ಕಟ್ಟಬೇಕು. ಉದಾಹರಣೆಗೆ, ಗಾಳಿ ಪಶ್ಚಿಮದಿಂದ, ಮಲಗುವ ಪೊದೆ ಉತ್ತರಕ್ಕೆ. ಗಂಡು ಉತ್ತರದಿಂದ ಬಂದು ಸ್ಕ್ರೇಪಿನ ಪೂರ್ವಕ್ಕೆ ಹಾಯುತ್ತದೆ. ನಾನು ಸ್ಕ್ರೇಪಿನಿಂದ ಆಗ್ನೇಯಕ್ಕೆ ಇಪ್ಪತ್ತು ಗಜದಲ್ಲಿ ಕೂರುತ್ತೇನೆ, ಬೆನ್ನಿಗೆ ದಕ್ಷಿಣದಲ್ಲಿ ಕಡಿದಾದ ತೊರೆ ದಂಡೆಯೋ ಬಿದ್ದ ಮರವೋ ಇರುವಂತೆ. ಗಂಡು ನನ್ನ ಮೈಗಾಳಿಯನ್ನು ದಾಟುವ ಮೊದಲೇ ಹೊಡೆಯುವ ದೂರಕ್ಕೆ ಬಂದಿರಬೇಕು. ಈ ಲೆಕ್ಕ ಕೂಡದ ದಿನ ಅಲ್ಲಿಗೆ ಹೋಗುವುದೇ ಇಲ್ಲ.

ಗುಡ್ಡದಲ್ಲಿ ಇನ್ನೊಂದು ತೊಡಕು. ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿದ್ದ ಅಟ್ಟಣೆ ಸಂಜೆ ಐದಕ್ಕೆ ದ್ರೋಹ ಬಗೆಯಬಹುದು. ಬಟ್ಟಲಿನಂಥ ತಗ್ಗಿನಲ್ಲಿ ಗಾಳಿ ಸುತ್ತುತ್ತಲೇ ಇರುತ್ತದೆ, ಅಲ್ಲಿ ಸ್ಕ್ರೇಪ್ ಮಾಡಬೇಡಿ. ಗಾಳಿ ನೋಡಲು ಪುಡಿ ಉದುರಿಸಿದರೆ ಹತ್ತಡಿ ಆಚೆ ಏನೂ ಕಾಣದು. ನಾನು ಇಟ್ಟುಕೊಳ್ಳುವುದು ಮಿಲ್ಕ್‌ವೀಡ್ ಕಾಯಿಯ ನವಿರು ಹತ್ತಿ. ನಮ್ಮ ಎಕ್ಕದ ಹತ್ತಿಯ ಹತ್ತಿರದ ನೆಂಟ ಅದು. ಒಂದೊಂದೇ ಎಳೆ ಬಿಟ್ಟರೆ ಐವತ್ತು ಗಜದವರೆಗೂ ಗಾಳಿ ಎಲ್ಲಿ ಬಾಗುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಕಣ್ಣಾರೆ ತೋರಿಸುತ್ತದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಾಲ್ಕು ಕಾಯಿ ಕೊಯ್ದಿಟ್ಟರೆ ಸೀಸನ್ನಿಗೆ ಸಾಕು.

ನಮ್ಮ ಮನೆಗಳವರು ಎಚ್ಚರ ವಹಿಸಬೇಕಾದದ್ದು ಅಡುಗೆಮನೆಯ ಬಗ್ಗೆ. ಇಂಗಿನ ಒಗ್ಗರಣೆ, ಊದಿನಕಡ್ಡಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇವು ಉಣ್ಣೆಯಲ್ಲಿ ತಿಂಗಳುಗಟ್ಟಲೆ ಕೂರುತ್ತವೆ. ಬೇಟೆಯ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಡ್ರೈಯರಿಗೆ ಹಾಕದೆ ಹೊರಗೆ ಒಣಗಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒಣ ಓಕ್ ಎಲೆ ಮತ್ತು ಎರಡು ಹಿಡಿ ಹೆಮ್ಲಾಕ್ (ಪೈನ್ ಜಾತಿಯ ಮರ) ಚಿಗುರಿನೊಂದಿಗೆ ಗ್ಯಾರೇಜಿನಲ್ಲಿಡಿ. ಕಾಡಿಗೆ ತಲುಪಿದ ಮೇಲೆ, ಕಾರಿನ ಪಕ್ಕದಲ್ಲೇ ತೊಡಿ. ಇದು ಮನುಷ್ಯನ ವಾಸನೆಯನ್ನು ಅಳಿಸದು, ತೆಳುವಾಗಿಸುತ್ತದೆ. ಗಾಳಿ ತಪ್ಪಿದರೆ ಇದೂ ಕಾಯುವುದಿಲ್ಲ.

ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಸ್ಕ್ರೇಪಿನ ಬಳಿ ಕೂರುವುದು ಹೆಚ್ಚು ಫಲ ಕೊಡುತ್ತದೆ. ನವೆಂಬರ್ ನಡುವಿಗೆ ಬೆದೆ ಉಚ್ಚಕ್ಕೇರಿದಾಗ ಗಂಡು ಹೆಣ್ಣಿನ ಬೆನ್ನಿಗೆ ಬೀಳುತ್ತದೆ, ಸ್ಕ್ರೇಪ್ ಮೇಲೆ ಎಲೆ ಬಿದ್ದು ಮುಚ್ಚಿಹೋಗುತ್ತದೆ. ಆಗ ಅಟ್ಟಣೆ ಬಿಟ್ಟು ಹೆಣ್ಣುಗಳು ಮೇಯುವ ಜಾಡಿಗೆ ಸರಿಯುತ್ತೇನೆ. ಹಗ್ಗವನ್ನು ಬಿಚ್ಚುವುದಿಲ್ಲ. ಚಳಿಗಾಲವಿಡೀ ಅದನ್ನು ಹೆಣ್ಣು, ಮರಿಗಳು ನೆಕ್ಕುತ್ತಲೇ ಇರುತ್ತವೆ. ಮುಂದಿನ ಆಗಸ್ಟಿನಲ್ಲಿ ನೆಲ ಕೆರೆದರೆ ಸಾಕು.